ಸಣ್ಣ ಕಾರಿನಲ್ಲಿ ಪುಟ್ಟ ಮಗುವಿಗೆ ಐದು ಪಟ್ಟಿಯ ಆಸನ

ಹಾಸನದಿಂದ ಸಕಲೇಶಪುರದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 75ರ ಮಗ್ಗುಲಲ್ಲಿರುವ, ಆಲೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಪಾಳ್ಯದಲ್ಲಿಯೂ ಅದರ ಸುತ್ತಲಿನ ಕಾಫಿ ಸೀಮೆಯ ಊರುಗಳಲ್ಲಿಯೂ ಕಾರು ಈಗ ದೊಡ್ಡ ತೋಟದವರ ಸ್ವತ್ತಾಗಿ ಮಾತ್ರ ಉಳಿದಿಲ್ಲ. ಸಣ್ಣ ಹಿಡುವಳಿದಾರರು, ಶಿಕ್ಷಕರು, ಅಂಗಡಿಯವರು, ಎಸ್ಟೇಟಿನ ರೈಟರುಗಳು ಕಂತಿನ ಸಾಲದಲ್ಲೋ ಸೆಕೆಂಡ್ ಹ್ಯಾಂಡ್ ಆಗಿಯೋ ಕೊಂಡ ಆಲ್ಟೊ, ವ್ಯಾಗನ್‌ಆರ್, ಸ್ವಿಫ್ಟ್, ಟಿಯಾಗೊ, ಕ್ವಿಡ್‌ನಂತಹ ಸಣ್ಣ ಕಾರುಗಳೇ ಇಲ್ಲಿ ಮನೆಮಂದಿಯನ್ನು ಸಂತೆಗೆ, ಆಸ್ಪತ್ರೆಗೆ, ಕೆಂಚಮ್ಮನ ಹೊಸಕೋಟೆಯ ಜಾತ್ರೆಗೆ, ಶಿರಾಡಿ ಘಾಟಿ ಇಳಿದು ಧರ್ಮಸ್ಥಳ, ಸುಬ್ರಹ್ಮಣ್ಯಗಳಿಗೆ ಕರೆದೊಯ್ಯುತ್ತವೆ. ಈ ಪಯಣಗಳಲ್ಲಿ ಮೂರರಿಂದ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ಮುಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಇರುತ್ತದೆ, ಇಲ್ಲವೇ ಎರಡು ಮುಂದಿನ ಸೀಟುಗಳ ನಡುವಿನ ಸಂದಿನಲ್ಲಿ ನಿಂತು ರಸ್ತೆ ನೋಡುತ್ತಿರುತ್ತದೆ. ಕಾರಿನೊಳಗೆ ಮಗುವಿಗೆ ಅತ್ಯಂತ ಅಪಾಯಕಾರಿಯಾದ ಜಾಗಗಳು ಇವೆರಡೇ ಎಂಬುದನ್ನು ಮೊದಲಿಗೇ ಹೇಳಿಬಿಡಬೇಕಾಗುತ್ತದೆ.

ಏಕೆಂದರೆ ಅಪಘಾತದಲ್ಲಿ ಕಾರು ನಿಂತರೂ ಒಳಗಿರುವ ದೇಹ ಅದೇ ವೇಗದಲ್ಲಿ ಮುಂದಕ್ಕೆ ಸಾಗುತ್ತಲೇ ಇರುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಸಾಗುವ ಕಾರು ಮರಕ್ಕೋ ಲಾರಿಗೋ ಬಡಿದು, ಮುಂಭಾಗ ಜಜ್ಜಿಕೊಂಡು ಅರ್ಧ ಮೀಟರ್ ಅಂತರದಲ್ಲಿ ನಿಂತಿತು ಎಂದುಕೊಂಡರೆ, ಒಳಗಿರುವವರ ಮೇಲೆ ಬೀಳುವ ಬಲ ಅವರವರ ತೂಕದ ಸುಮಾರು 20 ಪಟ್ಟಾಗುತ್ತದೆ. ಅಂದರೆ 15 ಕೆ.ಜಿ. ತೂಗುವ ಮಗುವನ್ನು ಆ ಕ್ಷಣದಲ್ಲಿ ತೋಳಿನಿಂದ ಹಿಡಿದು ನಿಲ್ಲಿಸುವುದೆಂದರೆ 300 ಕೆ.ಜಿ.ಯ ಸೆಳೆತವನ್ನು, ಎಂದರೆ 50 ಕೆ.ಜಿ.ಯ ಆರು ಕಾಫಿ ಮೂಟೆಗಳನ್ನು, ಕಣ್ಣು ಮಿಟುಕಿಸುವುದರೊಳಗೆ ಒಟ್ಟಿಗೆ ತಡೆದು ಹಿಡಿದಂತೆ. ಇದು ಎಂತಹ ಗಟ್ಟಿಗರಿಗೂ ಆಗದ ಮಾತು. ತಾಯಿಯೂ ಬೆಲ್ಟ್ ಹಾಕಿರದಿದ್ದರೆ ಆಕೆಯ ಮೈಭಾರವೂ ಮಗುವಿನ ಮೇಲೆಯೇ ಬಂದು ಬೀಳುತ್ತದೆ. ಒಂದೇ ಬೆಲ್ಟನ್ನು ಇಬ್ಬರಿಗೂ ಸುತ್ತಿಕೊಂಡರೆ ಬೆಲ್ಟಿಗೂ ತಾಯಿಯ ದೇಹಕ್ಕೂ ನಡುವೆ ಮಗು ಸಿಲುಕಿ ಜಜ್ಜಿಹೋಗುತ್ತದೆ. ಮುಂದಿನ ಸೀಟಿನ ಎದುರು ಏರ್‌ಬ್ಯಾಗ್ ಇದ್ದರಂತೂ, ದೊಡ್ಡವರ ಎದೆಯನ್ನು ಕಾಯಲೆಂದು ಸ್ಫೋಟದ ರಭಸದಲ್ಲಿ ಉಬ್ಬುವ ಆ ಚೀಲವು ತೊಡೆಯ ಮೇಲಿನ ಮಗುವಿನ ತಲೆಗೇ ಹೊಡೆಯುತ್ತದೆ.

ಕಾನೂನು ಕೂಡ ಈ ವಿಷಯದಲ್ಲಿ ಮೌನವಾಗಿಲ್ಲ. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯ್ದೆಗೆ ಸೇರಿದ 194ಬಿ ಕಲಮಿನ ಪ್ರಕಾರ, 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದಾಗಲಿ ಮಕ್ಕಳ ಸುರಕ್ಷಾ ಆಸನದಿಂದಾಗಲಿ ಭದ್ರಪಡಿಸದೆ ವಾಹನ ಓಡಿಸುವವರಿಗೆ, ಹಾಗೆ ಓಡಿಸಲು ಬಿಡುವವರಿಗೆ 1,000 ರೂಪಾಯಿ ದಂಡ ವಿಧಿಸಬಹುದು. ಈ ಕಲಮು 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಆದರೆ ಯಾವ ತೂಕದ ಮಗುವಿಗೆ ಯಾವ ಬಗೆಯ ಆಸನ, ಅದನ್ನು ಸಣ್ಣ ಕಾರಿನಲ್ಲಿ ಹೇಗೆ ಕೂರಿಸಬೇಕು ಎಂಬ ವಿವರವನ್ನು ಕಾಯ್ದೆ ಹೇಳುವುದಿಲ್ಲ. ಆ ಹೊಣೆ ಕೊಳ್ಳುವವರ ಮೇಲೆಯೇ ಉಳಿದಿದೆ.

ದೊಡ್ಡವರ ಬೆಲ್ಟು ಏಕೆ ಸಾಲದು

ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದ, ಭುಜದಿಂದ ಎದೆಯ ಮೇಲೆ ಹಾಯ್ದು ಸೊಂಟವನ್ನು ಬಳಸಿ ಬರುವ ಮೂರು ಬಿಂದುಗಳ ಬೆಲ್ಟು ಬೆಳೆದ ಮನುಷ್ಯನ ಅಸ್ಥಿಪಂಜರವನ್ನು ಲೆಕ್ಕಕ್ಕಿಟ್ಟುಕೊಂಡು ಮಾಡಿದ್ದು. ಅದರ ಕೆಳಭಾಗ ಸೊಂಟದ ಮೂಳೆಯ ಮುಂದಿನ ಏಣನ್ನು ಹಿಡಿದುಕೊಳ್ಳುತ್ತದೆ. ಪುಟ್ಟ ಮಕ್ಕಳಲ್ಲಿ ಆ ಏಣು ಇನ್ನೂ ಸರಿಯಾಗಿ ಬೆಳೆದಿರುವುದಿಲ್ಲವಾದ್ದರಿಂದ ಬೆಲ್ಟು ಮೇಲಕ್ಕೆ ಜಾರಿ ಮೆತ್ತನೆಯ ಹೊಟ್ಟೆಯನ್ನು ಒತ್ತುತ್ತದೆ, ಕರುಳು ಮತ್ತು ಬೆನ್ನುಮೂಳೆಗೆ ಏಟಾಗುತ್ತದೆ. ಮೇಲಿನ ಪಟ್ಟಿ ಕುತ್ತಿಗೆಗೆ ಉಜ್ಜುವುದರಿಂದ ಮಗು ಅದನ್ನು ಕಂಕುಳ ಕೆಳಗೋ ಬೆನ್ನ ಹಿಂದಕ್ಕೋ ಸರಿಸಿಬಿಡುತ್ತದೆ. ಇದಕ್ಕೆ ಪರಿಹಾರವಾಗಿ ಬಂದದ್ದೇ ಗಟ್ಟಿ ಚಿಪ್ಪಿನಂತಹ ಆಸನಕ್ಕೆ ಜೋಡಿಸಿದ ಐದು ಪಟ್ಟಿಗಳ ವ್ಯವಸ್ಥೆ. ಅಂಗಡಿಗಳಲ್ಲಿ ಹಾರ್ನೆಸ್ ಎಂದು ಕರೆಯುವ ಈ ವ್ಯವಸ್ಥೆಯಲ್ಲಿ ಎರಡು ಭುಜಗಳ ಮೇಲಿನಿಂದ ಎರಡು ಪಟ್ಟಿ, ಸೊಂಟದ ಎರಡು ಪಕ್ಕಗಳಿಂದ ಎರಡು, ಕಾಲುಗಳ ನಡುವಿನಿಂದ ಒಂದು ಬಂದು ಹೊಟ್ಟೆಯ ಕೆಳಗೆ ಒಂದೇ ಬಕಲ್‌ನಲ್ಲಿ ಕೂಡಿಕೊಳ್ಳುತ್ತವೆ. ಅಪಘಾತದ ಬಲ ಹೀಗೆ ಮಗುವಿನ ದೇಹದ ಗಟ್ಟಿ ಭಾಗಗಳಿಗೆ ಹಂಚಿಹೋಗುತ್ತದೆ, ಕಾಲ ನಡುವಿನ ಪಟ್ಟಿಯು ಮಗು ಕೆಳಗೆ ನುಸುಳಿಹೋಗದಂತೆ ತಡೆಯುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತದ ಲೆಕ್ಕದಂತೆ, ಕಾರುಗಳಲ್ಲಿ ಮಕ್ಕಳ ಆಸನದ ಬಳಕೆಯಿಂದ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿನ ಸಂಭವ ಶೇ 54ರಷ್ಟು, ಒಂದು ವರ್ಷದೊಳಗಿನ ಶಿಶುಗಳಲ್ಲಿ ಶೇ 71ರಷ್ಟು ಕಡಿಮೆಯಾಗುತ್ತದೆ.

ಕೊಳ್ಳುವ ಮೊದಲು ಮಗುವನ್ನು ಅಳೆಯುವುದು

ಆಸನವನ್ನು ವಯಸ್ಸು ನೋಡಿ ಕೊಳ್ಳಬಾರದು. ತೂಕ ಮತ್ತು ಎತ್ತರ ನೋಡಿ ಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯ ಪ್ರಕಾರ ಮೂರು ವರ್ಷದ ಗಂಡುಮಗುವಿನ ಮಧ್ಯಮ ತೂಕ 14.3 ಕೆ.ಜಿ., ಎತ್ತರ ಸುಮಾರು 96 ಸೆಂ.ಮೀ.; ಐದು ವರ್ಷಕ್ಕೆ ಅದು 18.3 ಕೆ.ಜಿ. ಮತ್ತು 110 ಸೆಂ.ಮೀ. ಆಗುತ್ತದೆ, ಹೆಣ್ಣುಮಕ್ಕಳಲ್ಲಿ ಇದಕ್ಕಿಂತ ಅತ್ಯಲ್ಪ ಕಡಿಮೆ. ನಮ್ಮ ಹಳ್ಳಿಗಳ ಎಷ್ಟೋ ಮಕ್ಕಳು ಈ ಗೆರೆಗಿಂತ ಕೆಳಗಿರುತ್ತಾರಾದ್ದರಿಂದ, ಡಬ್ಬಿಯ ಮೇಲೆ ‘4 ವರ್ಷದ ನಂತರ’ ಎಂದು ಮುದ್ರಿಸಿದ್ದನ್ನೇ ನಂಬಿ 13 ಕೆ.ಜಿ.ಯ ಮಗುವಿಗೆ ದೊಡ್ಡ ಮಕ್ಕಳ ಆಸನಕ್ಕೆ ಬಡ್ತಿ ಕೊಡುವುದು ತಪ್ಪಾಗುತ್ತದೆ. ತೂಕ, ಎತ್ತರ ತಿಳಿಯಲು ಎಲ್ಲಿಗೂ ಹೋಗಬೇಕಾಗಿಲ್ಲ. ಊರಿನ ಅಂಗನವಾಡಿಯಲ್ಲಿ ಎರಡನ್ನೂ ಅಳೆದು ಬರೆದಿಡುವ ರೂಢಿಯಿದೆ, ಇತ್ತೀಚಿನ ಅಳತೆಯನ್ನು ಕೇಳಿ ಬರೆದುಕೊಂಡರೆ ಸಾಕು. ಇದಲ್ಲದೆ ಮಗುವನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕೂರಿಸಿ ನೆಲದಿಂದ ಭುಜದವರೆಗಿನ ಎತ್ತರವನ್ನೂ ಟೇಪಿನಿಂದ ಅಳೆದಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಆಸನದ ಆಯುಷ್ಯವನ್ನು ನಿರ್ಧರಿಸುವುದು ಹೆಚ್ಚಿನ ಸಲ ಇದೇ ಅಳತೆ.

ಭಾರತದಲ್ಲಿ ಮಕ್ಕಳ ಆಸನಗಳಿಗೆ ಅನ್ವಯವಾಗುವ ಮಾನಕ ಎಐಎಸ್–072. ಅದು ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ಆರ್44 ಎಂಬ ನಿಯಮವನ್ನು ಅನುಸರಿಸಿ ಆಸನಗಳನ್ನು ತೂಕದ ಗುಂಪುಗಳಾಗಿ ವಿಂಗಡಿಸುತ್ತದೆ: 10 ಕೆ.ಜಿ.ವರೆಗಿನದು ಗುಂಪು 0, 13 ಕೆ.ಜಿ.ವರೆಗಿನದು 0 ಪ್ಲಸ್, 9ರಿಂದ 18 ಕೆ.ಜಿ.ಯದು ಗುಂಪು 1, 15ರಿಂದ 25ರದ್ದು ಗುಂಪು 2, 22ರಿಂದ 36ರದ್ದು ಗುಂಪು 3. ಅಂಗನವಾಡಿ ವಯಸ್ಸಿನ ಮಗುವಿಗೆ ಬೇಕಾದದ್ದು ಗುಂಪು 1ನ್ನು ಒಳಗೊಂಡ, ಹಾರ್ನೆಸ್ ಇರುವ ಆಸನ. 15 ಕೆ.ಜಿ. ದಾಟಿದ ಕೂಡಲೇ ಗುಂಪು 2ಕ್ಕೆ, ಅಂದರೆ ಹಾರ್ನೆಸ್ ಬಿಟ್ಟು ಕಾರಿನ ಬೆಲ್ಟನ್ನೇ ಬಳಸುವ ಎತ್ತರದ ಪೀಠಕ್ಕೆ ಹೋಗಲು ನಿಯಮ ಅವಕಾಶ ಕೊಡುತ್ತದೆಯಾದರೂ ಅದನ್ನು ಬಳಸಿಕೊಳ್ಳುವ ಆತುರ ಬೇಡ. ಆ ಪೀಠದಲ್ಲಿ ಮಗು ಪಯಣದುದ್ದಕ್ಕೂ ನೆಟ್ಟಗೆ ಕೂತಿರಬೇಕು, ನಿದ್ದೆ ಬಂದು ಪಕ್ಕಕ್ಕೆ ವಾಲಿದರೆ ಬೆಲ್ಟು ಭುಜದಿಂದ ಜಾರುತ್ತದೆ. ನಾಲ್ಕು ವರ್ಷದ ಮಗುವಿನಿಂದ ಇದನ್ನು ನಿರೀಕ್ಷಿಸಲಾಗದು. ಹಾರ್ನೆಸ್‌ನ ತೂಕದ ಮಿತಿ ಮುಗಿಯುವವರೆಗೂ ಮಗು ಅದರಲ್ಲೇ ಇರುವುದು ಲೇಸು.

2013ರಿಂದ ಬಳಕೆಗೆ ಬಂದ ಹೊಸ ಯುರೋಪಿಯನ್ ನಿಯಮ ಆರ್129, ಜನಬಳಕೆಯಲ್ಲಿ ಐ–ಸೈಜ್, ತೂಕದ ಬದಲು ಎತ್ತರವನ್ನು ಆಧಾರವಾಗಿ ಇಟ್ಟುಕೊಂಡು, ಪಕ್ಕದಿಂದ ಬರುವ ಹೊಡೆತದ ಪರೀಕ್ಷೆಯನ್ನೂ ಸೇರಿಸಿದೆ. 15 ತಿಂಗಳವರೆಗೆ ಮಗುವನ್ನು ಹಿಮ್ಮುಖವಾಗಿಯೇ ಕೂರಿಸಬೇಕೆಂದು ಅದು ವಿಧಿಸುತ್ತದೆ. ಯುರೋಪ್ ಒಕ್ಕೂಟದಲ್ಲಿ 2024ರ ಸೆಪ್ಟೆಂಬರ್‌ನಿಂದ ಹಳೆಯ ಆರ್44 ಆಸನಗಳ ಮಾರಾಟವೇ ನಿಂತಿದೆ. ನಮ್ಮ ಮಾರುಕಟ್ಟೆಯಲ್ಲಿ ಎರಡೂ ಬಗೆಯವು ಸಿಗುತ್ತವೆ. ಕೈಗೆಟುಕುವಂತಿದ್ದರೆ ಆರ್129 ಆಸನ ಮೇಲು, ಇಲ್ಲವಾದರೆ ಪ್ರಮಾಣಪತ್ರವುಳ್ಳ ಆರ್44 ಆಸನವನ್ನು ಸರಿಯಾಗಿ ಕಟ್ಟಿ ಬಳಸುವುದರಲ್ಲಿ ಯಾವ ಕೊರತೆಯೂ ಇಲ್ಲ. ಪ್ರಮಾಣೀಕೃತ ಆಸನದ ಹಿಂಬದಿಯಲ್ಲೋ ತಳದಲ್ಲೋ ಕಿತ್ತಳೆ ಬಣ್ಣದ ಚೀಟಿ ಅಂಟಿಸಿರುತ್ತದೆ. ಅದರಲ್ಲಿ ವೃತ್ತದೊಳಗೆ ‘ಇ’ ಎಂಬ ಇಂಗ್ಲಿಷ್ ಅಕ್ಷರ, ಅದರ ಪಕ್ಕ ಅನುಮೋದಿಸಿದ ದೇಶದ ಸಂಖ್ಯೆ (1 ಎಂದರೆ ಜರ್ಮನಿ, 4 ಎಂದರೆ ನೆದರ್ಲೆಂಡ್ಸ್), ಅನ್ವಯವಾಗುವ ತೂಕ ಅಥವಾ ಎತ್ತರ, ಮತ್ತು ಅನುಮೋದನೆಯ ಸಂಖ್ಯೆ ಇರುತ್ತವೆ. ಆರ್44 ಆಸನವಾದರೆ ಆ ಸಂಖ್ಯೆ 03 ಅಥವಾ 04ರಿಂದ ಆರಂಭವಾಗಬೇಕು.

ಈ ಚೀಟಿಯಿಲ್ಲದ ವಸ್ತುಗಳು ಕಡಿಮೆ ಬೆಲೆಗೆ ಧಾರಾಳವಾಗಿ ಮಾರಾಟವಾಗುತ್ತಿರುವುದರಿಂದ ಇಲ್ಲೊಂದು ಎಚ್ಚರಿಕೆ ಅಗತ್ಯ. ಗಟ್ಟಿ ಚಿಪ್ಪೇ ಇಲ್ಲದ, ಹೊಲಿದ ದಿಂಬಿಗೆ ನಾಲ್ಕೈದು ಪಟ್ಟಿ ಸೇರಿಸಿ ಸೀಟಿನ ಬೆನ್ನಿಗೆ ಕಟ್ಟುವಂತೆ ಮಾಡಿದ ಬಟ್ಟೆಯ ‘ಕಾರ್ ಸೀಟು’ಗಳು ನೋಡಲು ಹಾರ್ನೆಸ್ ಆಸನದಂತೆಯೇ ಕಂಡರೂ ಅಪಘಾತದ ಸೆಳೆತವನ್ನು ತಡೆಯಲಾರವು, ಹಣ ಎಷ್ಟೇ ಬಿಗಿಯಾಗಿದ್ದರೂ ಅವನ್ನು ಕೊಳ್ಳಬಾರದು. ಹಾಗೆಯೇ ದ್ವಿಚಕ್ರ ವಾಹನದಲ್ಲಿ ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನಿಗೆ ಬಿಗಿಯುವ, ಕೇಂದ್ರದ ನಿಯಮದಂತೆ 2023ರ ಫೆಬ್ರುವರಿಯಿಂದ ಕಡ್ಡಾಯವಾಗಿರುವ ಸುರಕ್ಷಾ ಪಟ್ಟಿಯೂ ಬೇರೆಯದೇ ಸಾಧನ. ಮಗು ಬೈಕಿನಿಂದ ಕೆಳಗೆ ಬೀಳದಂತೆ ತಡೆಯುವುದಷ್ಟೇ ಅದರ ಕೆಲಸ, ಕಾರಿನಲ್ಲಿ ಅದಕ್ಕೆ ಸ್ಥಾನವಿಲ್ಲ.

ಕಾರಿನ ಹಿಂದಿನ ಸೀಟನ್ನು ಓದುವುದು

ಆಸನ ಎಷ್ಟೇ ಉತ್ತಮವಾಗಿರಲಿ, ಅದು ಕಾರಿಗೆ ಅಲುಗಾಡದಂತೆ ಅಂಟಿಕೊಳ್ಳದಿದ್ದರೆ ಪ್ರಯೋಜನವಿಲ್ಲ. ಸಣ್ಣ ಕಾರುಗಳಲ್ಲಿ ತೊಂದರೆ ಬರುವುದು ಹೆಚ್ಚಾಗಿ ಇಲ್ಲಿಯೇ. ಆದ್ದರಿಂದ ಅಂಗಡಿಗೆ ಹೋಗುವ ಮುಂಚೆ ಕಾರಿನ ಹಿಂಬಾಗಿಲು ತೆರೆದು, ಕೈಯಲ್ಲಿ ಟೇಪು ಹಿಡಿದು, ಅರ್ಧ ಗಂಟೆ ಕಳೆಯುವುದು ಇಡೀ ಕೊಳ್ಳುವಿಕೆಯ ಅತಿ ಮುಖ್ಯ ಭಾಗವೆಂದು ತಿಳಿಯಬೇಕು.

ಮೊದಲು ಬೆರಳಿನಿಂದ ಹುಡುಕಬೇಕಾದದ್ದು ಐಸೋಫಿಕ್ಸ್ ಸರಳುಗಳನ್ನು. ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿನಲ್ಲಿ, 28 ಸೆಂ.ಮೀ. ಅಂತರದಲ್ಲಿ, ಕಾರಿನ ಲೋಹದ ಚೌಕಟ್ಟಿಗೇ ಬೆಸೆದ, 6 ಮಿ.ಮೀ. ದಪ್ಪದ ಎರಡು ಉಕ್ಕಿನ ಸರಳುಗಳಿಗೆ ಈ ಹೆಸರು. ಮಕ್ಕಳ ಆಸನದ ತಳದಿಂದ ಹೊರಚಾಚುವ ಎರಡು ಕೊಕ್ಕೆಗಳು ಈ ಸರಳುಗಳಿಗೆ ಟಕ್ಕೆಂದು ಕಚ್ಚಿಕೊಳ್ಳುತ್ತವೆ, ಕಚ್ಚಿದ್ದು ಖಚಿತವಾದಾಗ ಸಾಮಾನ್ಯವಾಗಿ ಹಸಿರು ಗುರುತು ಕಾಣಿಸುತ್ತದೆ. ಇಷ್ಟರಿಂದಲೇ ಕೆಲಸ ಮುಗಿಯುವುದಿಲ್ಲ. ಕೆಳಗಿನ ಎರಡು ಬಿಂದುಗಳಲ್ಲಿ ಮಾತ್ರ ಹಿಡಿದ ಆಸನ ಅಪಘಾತದಲ್ಲಿ ಮುಂದಕ್ಕೆ ಮುಗ್ಗರಿಸುತ್ತದೆಯಾದ್ದರಿಂದ ಮೂರನೆಯ ಆಧಾರವೊಂದು ಬೇಕೇಬೇಕು: ಅದು ಆಸನದ ಮೇಲ್ಭಾಗದಿಂದ ಹೊರಟು ಕಾರಿನ ಸೀಟಿನ ಬೆನ್ನ ಹಿಂದಿನ ಕೊಂಡಿಗೆ ಸಿಕ್ಕುವ ಪಟ್ಟಿಯಾಗಿರಬಹುದು (ಇದನ್ನು ಟಾಪ್ ಟೆದರ್ ಎನ್ನುತ್ತಾರೆ), ಅಥವಾ ಆಸನದ ತಳದಿಂದ ಕಾರಿನ ನೆಲಕ್ಕೆ ಊರುವ ಕಾಲಾಗಿರಬಹುದು. ಟಾಪ್ ಟೆದರ್ ಪಟ್ಟಿಯನ್ನು ಬಿಗಿದಾಗ ಮಗುವಿನ ತಲೆ ಮುಂದಕ್ಕೆ ಚಿಮ್ಮುವ ದೂರ ಸುಮಾರು 10ರಿಂದ 15 ಸೆಂ.ಮೀ. ಕಡಿಮೆಯಾಗುತ್ತದೆ, ಮುಂದಿನ ಸೀಟಿನ ಬೆನ್ನು ಮಗುವಿನ ಮುಖಕ್ಕೆ ಅಷ್ಟು ಹತ್ತಿರವಿರುವ ಸಣ್ಣ ಕಾರಿನಲ್ಲಿ ಈ ಅಂತರವೇ ಗಾಯಕ್ಕೂ ಪಾರಾಗುವುದಕ್ಕೂ ನಡುವಿನ ವ್ಯತ್ಯಾಸವಾಗಬಲ್ಲದು. ಆದ್ದರಿಂದ ಕಾರಿನಲ್ಲಿ ಆ ಕೊಂಡಿ ಎಲ್ಲಿದೆ ಎಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿ ತಿಳಿಯಬೇಕು, ಸಾಮಾನು ಕಟ್ಟುವ ಸಾಧಾರಣ ಕೊಕ್ಕೆಯನ್ನು ಅದೆಂದು ಭ್ರಮಿಸಬಾರದು. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುವ ಕಾರುಗಳಲ್ಲಿ ಕೊಂಡಿಗೆ ಕೈ ಎಟುಕುತ್ತದೆಯೇ ಎಂದು ಮುಂಚೆಯೇ ಪರೀಕ್ಷಿಸಬೇಕು. ನೆಲಕ್ಕೆ ಊರುವ ಕಾಲಿರುವ ಆಸನ ಎಲ್ಲ ಕಾರುಗಳಿಗೂ ಹೊಂದುವುದಿಲ್ಲ; ತಯಾರಕರು ಕೊಡುವ ಹೊಂದಾಣಿಕೆಯ ಪಟ್ಟಿಯಲ್ಲಿ ಕಾರಿನ ಮಾದರಿಯೂ ವರ್ಷವೂ ಇರಬೇಕು.

ಐಸೋಫಿಕ್ಸ್ ಆಸನಗಳಿಗೆ ಗಾತ್ರದ ವರ್ಗಗಳೂ ಇವೆ. ಮುಮ್ಮುಖ ಆಸನಗಳಲ್ಲಿ ‘ಎ’ ಪೂರ್ಣ ಎತ್ತರದ್ದು, ‘ಬಿ’ ಮತ್ತು ‘ಬಿ1’ ತಗ್ಗಿಸಿದ ಎತ್ತರದವು. ಕಾರಿನ ಕೈಪಿಡಿಯ ಕೋಷ್ಟಕದಲ್ಲಿ ಯಾವ ಸೀಟಿಗೆ ಯಾವ ವರ್ಗ ಹೊಂದುತ್ತದೆ ಎಂದು ಕೊಟ್ಟಿರುತ್ತಾರೆ. ಸಣ್ಣ ಕಾರಿಗೆ ಬಿ1 ಆಸನ ಸಲೀಸಾಗಿ ಕೂರುವ ಸಾಧ್ಯತೆ ಹೆಚ್ಚು. ಆಸನ ಮತ್ತು ಮಗುವಿನ ಒಟ್ಟು ತೂಕಕ್ಕೂ ಒಂದು ಮಿತಿಯಿದ್ದು ಆರ್129 ನಿಯಮದಲ್ಲಿ ಅದು 33 ಕೆ.ಜಿ.; ಆಸನವೇ 12–13 ಕೆ.ಜಿ. ಭಾರವಿದ್ದರೆ ಮಗುವಿಗೆ ಉಳಿಯುವುದೆಷ್ಟು ಎಂದು ಲೆಕ್ಕ ಹಾಕಿಕೊಳ್ಳಬೇಕು.

ಸಕಲೇಶಪುರ, ಆಲೂರಿನ ಕಡೆ ಓಡುವ ಹಳೆಯ ಕಾರುಗಳಲ್ಲಿ ಐಸೋಫಿಕ್ಸ್ ಇಲ್ಲದಿರುವುದೇ ಹೆಚ್ಚು. ಅಷ್ಟಕ್ಕೇ ನಿರಾಶರಾಗಬೇಕಾಗಿಲ್ಲ, ಮೂರು ಬಿಂದುಗಳ ಬೆಲ್ಟಿನಿಂದಲೂ ಆಸನವನ್ನು ಸಮಾನವಾಗಿ ಭದ್ರಪಡಿಸಬಹುದು. ಆದರೆ ಬೆಲ್ಟಿನ ಸ್ವಭಾವವನ್ನು ಅರಿತಿರಬೇಕು. ನಮ್ಮ ಕಾರುಗಳ ಹಿಂದಿನ ಬೆಲ್ಟುಗಳು ಹೆಚ್ಚಾಗಿ ಹಠಾತ್ ಎಳೆತಕ್ಕೆ ಮಾತ್ರ ಬಿಗಿಯುವಂಥವು: ನಿಧಾನವಾಗಿ ಎಳೆದರೆ ಉದ್ದವಾಗುತ್ತಲೇ ಹೋಗುತ್ತವೆ. ಹೀಗಾಗಿ ಬೆಲ್ಟನ್ನು ಆಸನದ ಮೂಲಕ ಹಾಯಿಸಿ ಬಕಲ್ ಹಾಕಿದ ಮೇಲೆಯೂ ತಿರುವು ತಿರುವಿಗೆ ಅದು ಸ್ವಲ್ಪ ಸ್ವಲ್ಪವೇ ಸಡಿಲಗೊಳ್ಳಬಹುದು. ಇದನ್ನು ತಡೆಯಲು ಒಳ್ಳೆಯ ಆಸನಗಳಲ್ಲಿ ಬೆಲ್ಟನ್ನು ಕಚ್ಚಿ ಹಿಡಿಯುವ ಕ್ಲಿಪ್ಪು ಅಂತರ್ಗತವಾಗಿರುತ್ತದೆ. ಬೆಲ್ಟಿನಿಂದ ಕಟ್ಟುವ ಆಸನ ಕೊಳ್ಳುವವರು ಈ ಕ್ಲಿಪ್ಪು ಇದೆಯೇ ಎಂದು ಕೇಳಿಯೇ ಹಣ ಕೊಡಬೇಕು. ಎರಡನೆಯದು ಬೆಲ್ಟಿನ ಉದ್ದ. ಸಣ್ಣ ಕಾರಿನ ಬೆಲ್ಟು ಆಸನದ ಹಿಂದೆ ಬಳಸಿ ಬರಲು ಸಾಲದೆ ಹೋಗಬಹುದು. ಮೂರನೆಯದು ಬಕಲ್‌ನ ಕಾಂಡ. ಅದು ಉದ್ದವಾಗಿದ್ದು, ಬಕಲ್ ಬಂದು ಆಸನದ ಪ್ಲಾಸ್ಟಿಕ್ ಅಂಚಿನ ಮೇಲೆಯೇ ಕೂತರೆ, ಅಪಘಾತದ ಸೆಳೆತಕ್ಕೆ ಬಕಲ್ ಮುರಿಯಬಹುದು ಅಥವಾ ತೆರೆದುಕೊಳ್ಳಬಹುದು. ಹಾಗಾದಲ್ಲಿ ಆ ಆಸನ ಆ ಕಾರಿಗೆ ಸಲ್ಲದು. ಸೊಂಟಕ್ಕೆ ಮಾತ್ರ ಬರುವ ಎರಡು ಬಿಂದುಗಳ ಬೆಲ್ಟಿರುವ ಹಿಂದಿನ ನಡು ಸೀಟು, ಹಳೆಯ ಓಮ್ನಿ ಮತ್ತು ಜೀಪುಗಳ ಅಡ್ಡ ಬೆಂಚುಗಳು ಇಂದಿನ ಬಹುಪಾಲು ಹಾರ್ನೆಸ್ ಆಸನಗಳಿಗೆ ತಕ್ಕವಲ್ಲ. ಪಕ್ಕಕ್ಕೆ ಮುಖ ಮಾಡಿದ ಬೆಂಚಿನ ಮೇಲೆ ಯಾವ ಮಕ್ಕಳ ಆಸನವನ್ನೂ ಕಟ್ಟುವಂತಿಲ್ಲ.

ಯಾವ ಪಕ್ಕ? ಹಿಂದಿನ ಸೀಟಿನ ಎಡಭಾಗವೇ ಬಹುಮಟ್ಟಿಗೆ ಸರಿ. ನಮ್ಮಲ್ಲಿ ವಾಹನ ರಸ್ತೆಯ ಎಡಕ್ಕೆ ನಿಲ್ಲುವುದರಿಂದ ಮಗುವನ್ನು ಹೆದ್ದಾರಿಯ ವಾಹನಗಳತ್ತ ಅಲ್ಲದೆ ಅಂಚಿನ ಕಡೆಯಿಂದ ಹತ್ತಿಸಿ ಇಳಿಸಬಹುದು, ಚಾಲಕರ ಪಕ್ಕದ ಸೀಟನ್ನು ಬೇಕಾದಷ್ಟು ಮುಂದಕ್ಕೆ ಜರುಗಿಸಲೂಬಹುದು. ಆರ್44 ಪರೀಕ್ಷೆಯಲ್ಲಿ ಮುಮ್ಮುಖ ಆಸನದ ಗೊಂಬೆಯ ತಲೆ, ಸೀಟಿನ ಸಂದಿನಿಂದ ಮುಂದಕ್ಕೆ 55 ಸೆಂ.ಮೀ. ಮೀರಿ ಹೋಗಬಾರದೆಂಬ ಷರತ್ತಿದೆ. ಆದ್ದರಿಂದ ಹಿಂದಿನ ಸೀಟಿನ ಸಂದಿನಿಂದ ಮುಂದಿನ ಸೀಟಿನ ಬೆನ್ನಿನವರೆಗೆ ಟೇಪು ಹಿಡಿದು, ಅಳತೆ 55 ಸೆಂ.ಮೀ.ಗಿಂತ ಸಾಕಷ್ಟು ಹೆಚ್ಚಿರುವಂತೆ ಮುಂದಿನ ಸೀಟನ್ನು ಸರಿಸಿಕೊಳ್ಳುವುದು ವಿವೇಕ. ಉದ್ದ ಕಾಲಿನ ಅಜ್ಜನೋ ಚಿಕ್ಕಪ್ಪನೋ ಮುಂದೆ ಕೂತು ಸೀಟನ್ನು ಹಿಂದಕ್ಕೆ ತಳ್ಳಿದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಕಾರಿನ ಹಿಂದಿನ ಸೀಟಿನ ತಲೆದಿಂಬು ಆಸನದ ಬೆನ್ನನ್ನು ಮುಂದಕ್ಕೆ ತಳ್ಳುತ್ತಿದ್ದರೆ, ಆಸನದ ಕೈಪಿಡಿ ಅನುಮತಿಸುವಂತಿದ್ದರೆ ಅದನ್ನು ಕಳಚಿಡಬೇಕು. ಅಗಲದ ಮಾತು ಬಂದರೆ, ಸಣ್ಣ ಕಾರಿನ ಹಿಂದಿನ ಸೀಟಿನಲ್ಲಿ ಅಗಲ ರೆಕ್ಕೆಗಳ ಆಸನವೊಂದು ಕೂತ ಮೇಲೆ ಇಬ್ಬರು ದೊಡ್ಡವರು ಬೆಲ್ಟು ಹಾಕಿ ಕೂರುವುದು ಕಷ್ಟವೇ. ಒಟ್ಟು ಕುಟುಂಬದಲ್ಲಿ ಇದು ನಿಜವಾದ ಇಕ್ಕಟ್ಟು. ಹಿಂದಿನ ಸೀಟಿನ ಒಟ್ಟು ಅಗಲವನ್ನು ಅಳೆದು, ಆಸನದ ಅಗಲವನ್ನು ಕಳೆದು, ಉಳಿದ ಜಾಗದಲ್ಲಿ ಯಾರು ಕೂರುತ್ತಾರೆಂದು ಮನೆಯವರೆಲ್ಲ ಮೊದಲೇ ಒಪ್ಪಿಕೊಂಡರೆ, ಜಾತ್ರೆಯ ದಿನ ಜಾಗ ಸಾಲದೆಂದು ಆಸನವನ್ನೇ ಮನೆಯಲ್ಲಿ ಇಳಿಸಿ ಹೋಗುವ ಪ್ರಮೇಯ ಬರುವುದಿಲ್ಲ.

ಹೊಸ ಕಾರು ಕೊಳ್ಳುವ ಆಲೋಚನೆಯಲ್ಲಿರುವವರಿಗೆ ಒಂದು ಅನುಕೂಲವಿದೆ. 2023ರ ಅಕ್ಟೋಬರ್ 1ರಿಂದ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 18 ತಿಂಗಳ ಮತ್ತು ಮೂರು ವರ್ಷದ ಮಕ್ಕಳ ಗಾತ್ರದ ಗೊಂಬೆಗಳನ್ನು ಆಸನಗಳಲ್ಲಿ ಕೂರಿಸಿ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಅಪ್ಪಳಿಸುತ್ತಾರೆ, ಮಕ್ಕಳ ರಕ್ಷಣೆಗೆ ಮೀಸಲಾದ 49 ಅಂಕಗಳಲ್ಲಿ 12 ಅಂಕ, ಆಸನವನ್ನು ಕಾರಿನಲ್ಲಿ ಕೂರಿಸುವುದು ಎಷ್ಟು ಸರಿಯಾಗಿ ಸಾಧ್ಯವಾಗುತ್ತದೆ ಎಂಬುದಕ್ಕೇ ಮೀಸಲು. ದೊಡ್ಡವರ ರಕ್ಷಣೆಗೆ ಸಿಕ್ಕ ನಕ್ಷತ್ರಗಳನ್ನಷ್ಟೇ ನೋಡಿ ಕಾರು ಆರಿಸುವ ಬದಲು ಮಕ್ಕಳ ರಕ್ಷಣೆಯ ಈ ಅಂಕಪಟ್ಟಿಯನ್ನೂ ಕೇಳಿ ಓದಬೇಕು.

ಕಟ್ಟುವ ಬಗೆ ಮತ್ತು ಮಲೆನಾಡಿನ ಮಳೆಗಾಲ

ಆಸನವನ್ನು ಕೂರಿಸುವಾಗ ಒಂದು ಮೊಣಕಾಲನ್ನು ಅದರ ಮೇಲೆ ಊರಿ, ಮೈಭಾರವನ್ನೆಲ್ಲ ಬಿಟ್ಟು ಕಾರಿನ ಮೆತ್ತೆಯೊಳಗೆ ಒತ್ತುತ್ತಾ ಬೆಲ್ಟನ್ನು ಎಳೆಯಬೇಕು. ಮುಗಿದ ಮೇಲೆ ಬೆಲ್ಟು ಹಾಯುವ ಜಾಗದ ಬಳಿಯೇ ಆಸನವನ್ನು ಹಿಡಿದು ಎಡಬಲಕ್ಕೂ ಹಿಂದೆಮುಂದಕ್ಕೂ ಅಲುಗಿಸಿದಾಗ ಅದು 2.5 ಸೆಂ.ಮೀ.ಗಿಂತ ಹೆಚ್ಚು ಜರುಗಬಾರದು. ಮೇಲ್ತುದಿಯನ್ನು ಹಿಡಿದು ಅಲ್ಲಾಡಿಸಿ ನೋಡುವುದು ತಪ್ಪು ಪರೀಕ್ಷೆ. ಅಲ್ಲಿ ಸ್ವಲ್ಪ ಅಲುಗಾಟ ಸಹಜ.

ಮಗುವನ್ನು ಕೂರಿಸಿದ ಮೇಲೆ ಅದರ ಬೆನ್ನು, ಕುಂಡೆ ಎರಡೂ ಆಸನದ ಹಿಂಬದಿಗೆ ಅಂಟಿಕೊಂಡಿರಬೇಕು. ಮುಮ್ಮುಖ ಆಸನದಲ್ಲಿ ಭುಜದ ಪಟ್ಟಿಗಳು ಹೊರಬರುವ ಕಿಂಡಿ ಮಗುವಿನ ಭುಜದ ಮಟ್ಟದಲ್ಲಿ ಅಥವಾ ತುಸು ಮೇಲಿರಬೇಕು. ಹಿಮ್ಮುಖವಾಗಿ ಕೂರಿಸಿದಾಗ ಇದಕ್ಕೆ ವಿರುದ್ಧವಾಗಿ ಭುಜದ ಮಟ್ಟದಲ್ಲಿ ಅಥವಾ ತುಸು ಕೆಳಗಿರಬೇಕು. ಪಟ್ಟಿಗಳು ತಿರುಚಿಕೊಂಡಿರಬಾರದು. ಬಿಗಿದ ಬಳಿಕ ಹೆಬ್ಬೆರಳು, ತೋರುಬೆರಳಿನಿಂದ ಭುಜದ ಮೇಲಿನ ಪಟ್ಟಿಯನ್ನು ಉದ್ದುದ್ದಕ್ಕೆ ಚಿವುಟಲು ನೋಡಬೇಕು: ಮಡಿಕೆ ಬೆರಳಿಗೆ ಸಿಕ್ಕರೆ ಇನ್ನೂ ಸಡಿಲವಿದೆ, ಬೆರಳು ಜಾರಿದರೆ ಸರಿಯಾಗಿದೆ ಎಂದರ್ಥ. ಮಗುವಿನ ಭುಜ ಮೇಲಿನ ಕಿಂಡಿಯನ್ನು ದಾಟಿದಾಗ, ಅಥವಾ ಕಿವಿಯ ತುದಿ ಆಸನದ ಚಿಪ್ಪಿನ ಮೇಲಂಚನ್ನು ಮೀರಿದಾಗ, ತೂಕ ಇನ್ನೂ ಮಿತಿಯೊಳಗೇ ಇದ್ದರೂ ಆ ಆಸನದ ಕಾಲ ಮುಗಿಯಿತು.

ಜೂನ್ ಹಿಡಿದು ಸೆಪ್ಟೆಂಬರ್‌ವರೆಗೂ ಮಳೆ ಬಿಡದ, ಚಳಿಗಾಲದಲ್ಲಿ ಮಂಜು ಮುಸುಕುವ ಈ ಸೀಮೆಯಲ್ಲಿ ಮಕ್ಕಳಿಗೆ ದಪ್ಪ ಸ್ವೆಟರು, ಜರ್ಕಿನ್ನು, ಅದರ ಮೇಲೊಂದು ರೇನ್‌ಕೋಟು ತೊಡಿಸಿಯೇ ಹೊರಡಿಸುವುದು ವಾಡಿಕೆ. ಹಾರ್ನೆಸ್‌ಗೆ ಇದು ಸಲ್ಲದು. ಹತ್ತಿ ತುಂಬಿದ ಜಾಕೆಟ್ಟಿನ ಮೇಲೆ ಬಿಗಿಯಾಗಿ ಕಂಡ ಪಟ್ಟಿ, ಅಪಘಾತದ ಒತ್ತಡಕ್ಕೆ ಜಾಕೆಟ್ಟಿನೊಳಗಿನ ಗಾಳಿ ಹಿಂಡಿಹೋದ ಕೂಡಲೇ ಸಾಕಷ್ಟು ಸಡಿಲವಾಗಿ ಮಗು ಪಟ್ಟಿಯಿಂದ ಕಳಚಿಕೊಳ್ಳಬಹುದು. ಮಗುವನ್ನು ತೆಳು ಅಂಗಿಯಲ್ಲೇ ಕೂರಿಸಿ, ಪಟ್ಟಿ ಬಿಗಿದು, ಅದರ ಮೇಲೆ ಕಂಬಳಿಯನ್ನೋ ಅದೇ ಸ್ವೆಟರನ್ನೋ ಹೊದಿಸಿದರೆ ಬೆಚ್ಚಗೂ ಇರುತ್ತದೆ, ಭದ್ರವೂ ಆಗುತ್ತದೆ. ಅನುಮಾನವಿರುವವರು ಮನೆಯಲ್ಲೇ ಪರೀಕ್ಷಿಸಬಹುದು: ಜಾಕೆಟ್ಟಿನ ಮೇಲೆ ಪಟ್ಟಿಯನ್ನು ಬಿಗಿದು, ಪಟ್ಟಿಯ ಉದ್ದವನ್ನು ಬದಲಿಸದೆ ಬಕಲ್ ತೆರೆದು ಮಗುವನ್ನು ಇಳಿಸಿ, ಜಾಕೆಟ್ ಕಳಚಿ, ಮತ್ತೆ ಕೂರಿಸಿ ಬಕಲ್ ಹಾಕಿದಾಗ ಎದೆಗೂ ಪಟ್ಟಿಗೂ ನಡುವೆ ಕಾಣುವ ಸಂದೇ ಉತ್ತರ.

ಶಿರಾಡಿ, ಬಿಸಿಲೆ ಘಾಟಿಗಳ ತಿರುವಿನಲ್ಲಿ ಮಕ್ಕಳು ವಾಂತಿ ಮಾಡಿಕೊಳ್ಳುವುದು ಸಾಮಾನ್ಯವಾದ್ದರಿಂದ ಹೊದಿಕೆಯ ಬಟ್ಟೆ ಸುಲಭವಾಗಿ ಕಳಚಿ ಒಗೆಯುವಂತಿರುವ ಆಸನವನ್ನು ಆರಿಸುವುದು ಒಳಿತು. ಪಟ್ಟಿಗಳನ್ನು ಮಾತ್ರ ಬಟ್ಟೆಯಂತೆ ನೆನೆಸಿ ಒಗೆಯಬಾರದು, ಬ್ಲೀಚಿಂಗ್ ಪುಡಿಯಂತೂ ತಾಗಲೇಬಾರದು. ಅವುಗಳ ನೂಲಿನ ಬಲ ಕುಂದುತ್ತದೆ. ಒದ್ದೆ ಬಟ್ಟೆಗೆ ಸೌಮ್ಯ ಸಾಬೂನು ಹಚ್ಚಿ ಒರೆಸಿ ನೆರಳಲ್ಲಿ ಆರಿಸಬೇಕು. ಬಕಲ್‌ನೊಳಗೆ ಬಿಸ್ಕತ್ತಿನ ಚೂರು, ಕೆಸರಿನ ಮರಳು ಸೇರಿದರೆ ಅದು ಪೂರ್ತಿ ಕಚ್ಚಿಕೊಳ್ಳುವುದಿಲ್ಲ. ಟಕ್ ಎಂಬ ಸದ್ದು ಮಂಕಾಗಿದ್ದರೆ ಬಿಸಿನೀರಿನಲ್ಲಿ ಜಾಲಿಸಬೇಕು, ಎಣ್ಣೆ ಹಾಕಬಾರದು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕಾರಿನಲ್ಲೇ ಬಿಟ್ಟ ಆಸನದ ಸ್ಪಂಜಿಗೆ ಬೂಷ್ಟು ಹಿಡಿಯುತ್ತದೆ, ಬಿಸಿಲು ಬಿದ್ದ ದಿನ ಹೊದಿಕೆ ಕಳಚಿ ಗಾಳಿಗೆ ಹಿಡಿಯಬೇಕು.

ಕೈ ಬದಲಿಸಿದ ಆಸನ, ಕಡಲಾಚೆಯ ಆಸನ

ಬಂಧುಗಳ ಮನೆಯಿಂದ ಹಳೆಯ ಆಸನ ಬಂದಾಗ ಮೂರು ಸಂಗತಿ ತಿಳಿಯದೆ ಬಳಸಬಾರದು: ಅದು ಅಪಘಾತಕ್ಕೆ ಸಿಕ್ಕಿಲ್ಲವೆಂಬ ಖಾತರಿ, ತಯಾರಾದ ದಿನಾಂಕ (ತಯಾರಕರು ಸಾಮಾನ್ಯವಾಗಿ 6ರಿಂದ 10 ವರ್ಷದ ಬಾಳಿಕೆ ಹೇಳಿರುತ್ತಾರೆ), ಮತ್ತು ಕೈಪಿಡಿ. ಅಪಘಾತದಲ್ಲಿ ಒಮ್ಮೆ ಸೆಳೆತ ಕಂಡ ಚಿಪ್ಪಿನ ಬಿರುಕು ಹೊರಗೆ ಕಾಣದೇ ಇರಬಹುದು.

ಅಮೆರಿಕದಲ್ಲಿ ನೆಲೆಸಿದ ಮಗನೋ ಮಗಳೋ ಮೊಮ್ಮಗುವಿನೊಂದಿಗೆ ಊರಿಗೆ ಬರುವಾಗ ಅಲ್ಲಿನ ಆಸನವನ್ನು ತರುವುದುಂಟು. ಒಳ್ಳೆಯದೇ, ಆದರೆ ಅಲ್ಲಿನ ಕಾರುಗಳ ಹಿಂದಿನ ಬೆಲ್ಟನ್ನು ಪೂರ್ತಿ ಎಳೆದು ಬಿಟ್ಟರೆ ಅದು ಬಿಗಿದು ನಿಲ್ಲುತ್ತದೆ, ಹಾಗಾಗಿ ಅಲ್ಲಿನ ಎಷ್ಟೋ ಆಸನಗಳಲ್ಲಿ ಬೆಲ್ಟು ಕಚ್ಚುವ ಕ್ಲಿಪ್ಪು ಇರುವುದಿಲ್ಲ. ಅಂತಹ ಆಸನವನ್ನು ಇಲ್ಲಿನ ಕಾರಿಗೆ ಬೆಲ್ಟಿನಿಂದ ಕಟ್ಟಿದರೆ ಅದು ಸಡಿಲವಾಗುತ್ತಲೇ ಹೋಗುತ್ತದೆ. ಪ್ರತ್ಯೇಕವಾಗಿ ಸಿಗುವ ಲೋಹದ ಲಾಕಿಂಗ್ ಕ್ಲಿಪ್ಪನ್ನು ಜೊತೆಗೆ ತರಲು ಮೊದಲೇ ಹೇಳಬೇಕು, ಅಥವಾ ಕಾರಿನಲ್ಲಿ ಐಸೋಫಿಕ್ಸ್ ಸರಳು ಮತ್ತು ಟಾಪ್ ಟೆದರ್ ಕೊಂಡಿ ಇದ್ದರೆ ಅವನ್ನು ಬಳಸಬೇಕು. ಅಮೆರಿಕದ ಹಾರ್ನೆಸ್‌ನಲ್ಲಿರುವ ಎದೆಯ ಅಡ್ಡ ಕ್ಲಿಪ್ಪು ಕಂಕುಳ ಮಟ್ಟದಲ್ಲಿರಬೇಕು; ಯುರೋಪಿನ ಆಸನಗಳಲ್ಲಿ ಅದು ಇಲ್ಲದಿರುವುದು ದೋಷವಲ್ಲ.

ಕೊಳ್ಳುವಾಗ ಸಾಧ್ಯವಾದರೆ ಹಾಸನ, ಮೈಸೂರು, ಬೆಂಗಳೂರಿನ ಅಂಗಡಿಗೆ ಮಗುವನ್ನೂ ಕಾರನ್ನೂ ಕೊಂಡೊಯ್ದು, ಕಾರಿನಲ್ಲಿ ಕೂರಿಸಿ ನೋಡಿಯೇ ಹಣ ಕೊಡಬೇಕು. ಆನ್‌ಲೈನಿನಲ್ಲಿ ತರಿಸುವವರು ವಾಪಸು ಕೊಡುವ ಅವಕಾಶ ಇರುವುದನ್ನಷ್ಟೇ ತರಿಸಿ, ಅವಧಿ ಮುಗಿಯುವುದರೊಳಗೆ ಮೇಲಿನ ಪರೀಕ್ಷೆಗಳನ್ನೆಲ್ಲ ಮಾಡಬೇಕು. ಇಷ್ಟೆಲ್ಲ ನೋಡಿದ ಮೇಲೂ ಎರಡು ಆಸನಗಳ ನಡುವೆ ಆರಿಸಬೇಕಾಗಿ ಬಂದರೆ, ಮೆತ್ತೆಯ ದಪ್ಪ, ಬಣ್ಣ, ತಿರುಗುವ ತಳಗಳಿಗಿಂತ ಮನೆಯ ಪ್ರತಿಯೊಬ್ಬರೂ, ಅಜ್ಜಿಯೂ ಸೇರಿ, ಪ್ರತಿ ಸಲ ತಪ್ಪಿಲ್ಲದೆ ಬಿಗಿಯಬಲ್ಲಂತಹ ಆಸನವನ್ನೇ ಆರಿಸಬೇಕು. ಪಾಳ್ಯದಿಂದ ಬಾಳ್ಳುಪೇಟೆಗೆ ಹೋಗಿ ಬರುವ ಗಳಿಗೆಯ ಪಯಣಕ್ಕೂ ಅದನ್ನು ಬಳಸಬೇಕು. ಹಾರ್ನೆಸ್‌ನ ಮಿತಿ ಮುಗಿದ ಮೇಲೂ ಮಗು ನೇರವಾಗಿ ದೊಡ್ಡವರ ಬೆಲ್ಟಿಗೆ ಹೋಗದೆ, ಎತ್ತರದ ಬೂಸ್ಟರ್ ಪೀಠಕ್ಕೆ ಹೋಗಬೇಕು ಮತ್ತು ಕಾರಿನ ಬೆಲ್ಟು ತಾನಾಗಿ ಭುಜದ ನಡುವೆ, ತೊಡೆಯ ಮೇಲೆ ಸರಿಯಾಗಿ ಕೂರುವವರೆಗೂ ಅದರಲ್ಲೇ ಇರಬೇಕು.